ಇಲ್ಲದ ಊರಿಗೊಂದು ಪತ್ರಿಕೆ

ಗಣಕಯಂತ್ರದ ತೆರೆಯ ಮೇಲೆ ನೂರಾರು ಜನ ಒಂದೇ ಕಲ್ಪಿತ ಊರಿನಲ್ಲಿ ಸೇರಿ, ಒಬ್ಬ ಪೊಲೀಸನಾಗಿ, ಇನ್ನೊಬ್ಬ ಲಾರಿ ಚಾಲಕನಾಗಿ, ಮತ್ತೊಬ್ಬಳು ವೈದ್ಯೆಯಾಗಿ ಪಾತ್ರ ಹೊತ್ತು, ಆ ಪಾತ್ರಕ್ಕೆ ತಕ್ಕಂತೆ ಮಾತಾಡುತ್ತ, ನಡೆದುಕೊಳ್ಳುತ್ತ ಆಡುವ ಆಟಕ್ಕೆ ಆನ್‌ಲೈನ್ ರೋಲ್‌ಪ್ಲೇ ಎಂದು ಹೆಸರು. ಕನ್ನಡದಲ್ಲಿ ಇದನ್ನು ಪಾತ್ರಾಭಿನಯದ ಆಟ ಎನ್ನಬಹುದು. ಇಲ್ಲಿ ಗೆಲುವು ಸೋಲುಗಳ ಲೆಕ್ಕ ಮುಖ್ಯವಲ್ಲ. ಊರು ನಂಬುವಂತಿರಬೇಕು, ಅದರೊಳಗಿನ ಕಥೆ ಕಡಿಯದೆ ಸಾಗಬೇಕು ಎನ್ನುವುದೇ ಮುಖ್ಯ. ಹಾಗೆ ಊರು ನಂಬುವಂತಾಗಲು ಅಂಗಡಿಗೆ ನಾಮಫಲಕ ಬೇಕು, ಬಸ್ಸಿಗೆ ಬಣ್ಣ ಬೇಕು, ಪೊಲೀಸರಿಗೆ ಸಮವಸ್ತ್ರ ಬೇಕು, ನಿನ್ನೆ ಏನಾಯಿತೆಂದು ಹೇಳುವ ಪತ್ರಿಕೆಯೂ ಬೇಕು. ಇವುಗಳನ್ನು ಮಾಡುವವರು ಆಟ ತಯಾರಿಸಿದ ಕಂಪನಿಯ ನೌಕರರಲ್ಲ, ಬಹುಪಾಲು ಆಟಗಾರರೇ. ಹೊರಗಿನವರ ಕಣ್ಣಿಗೆ ಇದು ಕಾಲಹರಣದಂತೆ ಕಂಡರೂ, ವಿನ್ಯಾಸ ಮತ್ತು ವರದಿಗಾರಿಕೆ ಎಂಬ ಎರಡು ಕಸುಬುಗಳ ಮೂಲಪಾಠಗಳನ್ನೂ ಅವುಗಳ ನೈತಿಕ ಹೊಣೆಯನ್ನೂ ಈ ಕೆಲಸ ಪೂರ್ತಿಯಾಗಿ ಒಳಗೊಂಡಿದೆ; ಹಾಗಾಗಿ ಇದನ್ನು ಕೆಲಸವೆಂದೇ ಗಣಿಸಿ, ಮಾಡಿದವರ ಹೆಸರನ್ನು ಅದರ ಮೇಲೆ ಬರೆಯುವುದು ನ್ಯಾಯ. ಹಾಸನ ಜಿಲ್ಲೆಯ ಕಲೆಯ ಚರಿತ್ರೆಯಲ್ಲೇ ಈ ನ್ಯಾಯಕ್ಕೆ ಹಳೆಯ ಸಾಕ್ಷಿಗಳಿವೆ.

ಪಾತ್ರ ಹೊರುವವರ ಊರು

ಈ ಬಗೆಯ ಆಟಗಳ ಮೂಲವನ್ನು ಸಾಮಾನ್ಯವಾಗಿ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಆಡುವ ಆಟದಲ್ಲಿ ಗುರುತಿಸುತ್ತಾರೆ. ನಾಲ್ಕು ವರ್ಷಗಳ ಬಳಿಕ, 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟ, ಚಿತ್ರವೇ ಇಲ್ಲದ ಬರಿಯ ಅಕ್ಷರಗಳ ಮೂಲಕ ಹಲವರು ಒಂದೇ ಕಲ್ಪಿತ ಲೋಕದಲ್ಲಿ ಏಕಕಾಲಕ್ಕೆ ಓಡಾಡುವುದನ್ನು ಸಾಧ್ಯವಾಗಿಸಿತು. ಇಂದು ಹೆಚ್ಚು ಬಳಕೆಯಲ್ಲಿರುವ ವೇದಿಕೆ 2013ರಲ್ಲಿ ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೊ 5’. ಅದರ ಲಾಸ್ ಸ್ಯಾಂಟೋಸ್ ಎಂಬ ಕಲ್ಪಿತ ನಗರವನ್ನು ಬಳಸಿಕೊಂಡು ಪ್ರತ್ಯೇಕ ಸರ್ವರ್‌ಗಳನ್ನು, ಅಂದರೆ ಆಟಗಾರರ ಗುಂಪೊಂದು ತನ್ನದೇ ನಿಯಮಗಳೊಂದಿಗೆ ನಡೆಸುವ ಆಟದ ಮನೆಗಳನ್ನು, ಕಟ್ಟಲು ನೆರವಾಗುವ ‘ಫೈವ್‌ಎಂ’ ಎಂಬ ತಂತ್ರಾಂಶವನ್ನು ನಿರ್ಮಿಸಿದ ತಂಡವನ್ನು 2023ರ ಆಗಸ್ಟ್‌ನಲ್ಲಿ ಮೂಲ ಕಂಪನಿಯಾದ ರಾಕ್‌ಸ್ಟಾರ್ ತನ್ನೊಳಗೆ ಸೇರಿಸಿಕೊಂಡಿತು. ಈ ಆಟದ ಮೂಲರೂಪ ಹಿಂಸೆಯಿಂದ ಕೂಡಿದ್ದು, ಯುರೋಪಿನ ವರ್ಗೀಕರಣದಲ್ಲಿ 18 ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂಬ ಗುರುತು ಪಡೆದಿರುವುದನ್ನು ಪೋಷಕರು ತಿಳಿದಿರುವುದು ಒಳಿತು.

ಪಾತ್ರ ಹೊತ್ತು ಊರನ್ನು ಕಟ್ಟುವ ಈ ಕಲ್ಪನೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಜನಕ್ಕೆ ಹೊಸತೇನಲ್ಲ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹಳ್ಳಿಗಳಲ್ಲಿ ಇಂದಿಗೂ ಜೀವಂತವಾಗಿರುವ ಪೌರಾಣಿಕ ನಾಟಕ ಇದೇ ತತ್ತ್ವದ ಮೇಲೆ ನಿಂತಿದೆ. ‘ಕುರುಕ್ಷೇತ್ರ’ವನ್ನೋ ‘ದಾನಶೂರ ಕರ್ಣ’ವನ್ನೋ ಆಡುವವರು ವೃತ್ತಿನಟರಲ್ಲ, ಹಗಲು ಹೊಲದಲ್ಲೋ ಅಂಗಡಿಯಲ್ಲೋ ದುಡಿದು, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದ, ವೃತ್ತ, ಸೀಸಪದ್ಯಗಳನ್ನು ಕಲಿಯುವ ಊರಿನವರು. ಪಾತ್ರದ ತೂಕಕ್ಕೆ ತಕ್ಕಂತೆ ಪ್ರತಿಯೊಬ್ಬರೂ ಕೈಯಿಂದ ಹಣ ಹಾಕುತ್ತಾರೆ. ಆ ಹಣದಲ್ಲಿ ಡ್ರಾಮಾ ಸೀನರಿ ಬಾಡಿಗೆಗೆ ಬರುತ್ತದೆ, ಕಿರೀಟ ಗದೆಗಳು ಬರುತ್ತವೆ, ಕರಪತ್ರ ಅಚ್ಚಾಗುತ್ತದೆ. ಹಳ್ಳಿಯ ಅಖಾಡದಿಂದ ಹಾಸನದ ಹಾಸನಾಂಬ ಕಲಾಕ್ಷೇತ್ರದವರೆಗೆ ಈ ನಾಟಕಗಳು ಪ್ರದರ್ಶನಗೊಳ್ಳುತ್ತವೆ.

ಆ ಕರಪತ್ರವನ್ನು ಹತ್ತಿರದಿಂದ ನೋಡಿದರೆ ಈ ಲೇಖನದ ವಿಷಯ ಅರ್ಧಕ್ಕರ್ಧ ತಿಳಿದಂತೆ. ಮೇಲ್ತುದಿಯಲ್ಲಿ ಊರದೇವರ ಹೆಸರು ಮತ್ತು ‘ಪ್ರಸನ್ನ’ ಎಂಬ ಪದ, ಅದರ ಕೆಳಗೆ ದಪ್ಪಕ್ಷರದಲ್ಲಿ ನಾಟಕದ ಹೆಸರು, ಸ್ಥಳ, ವೇಳೆ, ಅನಂತರ ಪಾತ್ರವರ್ಗದ ಪಟ್ಟಿ ಇರುತ್ತದೆ. ಆ ಪಟ್ಟಿಯ ಒಂದು ಸಾಲಿನಲ್ಲಿ ಕೃಷ್ಣ, ದುರ್ಯೋಧನ, ಭೀಮ, ಶಕುನಿ ಎಂದಿದ್ದರೆ, ಅದರ ಎದುರು ಸಾಲಿನಲ್ಲಿ ಆ ಪಾತ್ರ ಮಾಡುವ ಊರಿನವರ ಹೆಸರುಗಳಿರುತ್ತವೆ. ವೇದಿಕೆಯ ಮೇಲೆ ದುರ್ಯೋಧನ ಭೀಮನನ್ನು ಜರೆದರೆ ಮರುದಿನ ಆ ಇಬ್ಬರ ನಡುವೆ ಹಗೆ ಉಳಿಯಬಾರದೆಂಬ ತಿಳಿವಳಿಕೆಯನ್ನು ಎರಡು ಸಾಲುಗಳ ಆ ಪಟ್ಟಿ ಸಾರುತ್ತದೆ. ಆನ್‌ಲೈನ್ ಆಟಗಾರರು ಇದೇ ಭೇದವನ್ನು ‘ಐಸಿ’ ಮತ್ತು ‘ಒಒಸಿ’ ಎಂಬ ಸಂಕ್ಷೇಪಗಳಿಂದ ಸೂಚಿಸುತ್ತಾರೆ. ಇನ್-ಕ್ಯಾರೆಕ್ಟರ್ ಎಂಬುದರ ಹ್ರಸ್ವರೂಪವಾದ ಐಸಿ ಎಂದರೆ ಪಾತ್ರದೊಳಗಿನ ಮಾತು. ಔಟ್-ಆಫ್-ಕ್ಯಾರೆಕ್ಟರ್ ಎಂಬುದರ ಹ್ರಸ್ವರೂಪವಾದ ಒಒಸಿ ಎಂದರೆ ಪಾತ್ರ ಕಳಚಿಟ್ಟು ಆಡುವ ಮಾತು. ವಿನ್ಯಾಸಕಾರ ಮತ್ತು ವರದಿಗಾರ ಇಬ್ಬರೂ ಈ ಗೆರೆಯ ಮೇಲೆಯೇ ನಿಂತು ಕೆಲಸ ಮಾಡಬೇಕಾಗುತ್ತದೆ.

ಬಣ್ಣ ಬಳಿಯುವ ಕಸುಬು

ಸರ್ವರ್ ನಡೆಸುವವರು ವಿನ್ಯಾಸಕಾರರಿಂದ ಬಯಸುವ ಕೆಲಸಗಳ ಪಟ್ಟಿ ದೊಡ್ಡದು. ಸಮುದಾಯದ ಲಾಂಛನ, ಹೊಸಬರನ್ನು ಸ್ವಾಗತಿಸುವ ಚಿತ್ರ, ಅಂಗಡಿ ಹೋಟೆಲುಗಳ ನಾಮಫಲಕ, ಪಾತ್ರಗಳ ಉಡುಪಿನ ಮೇಲಿನ ಚಿತ್ತಾರ, ಚುನಾವಣೆ ನಡೆದರೆ ಅಭ್ಯರ್ಥಿಗಳ ಭಿತ್ತಿಪತ್ರ, ಪತ್ರಿಕೆಯ ಪುಟವಿನ್ಯಾಸ ಎಲ್ಲವೂ ಇದರಲ್ಲಿ ಸೇರುತ್ತವೆ. ಇವುಗಳಲ್ಲಿ ಕನ್ನಡದ ಹುಡುಗರು ವಿಶೇಷವಾಗಿ ಕೈಯಾಡಿಸಿರುವ ವಿಭಾಗ ‘ಲಿವರಿ’. ವಾಹನದ ಹೊರಮೈಗೆ ಹೊದಿಸುವ ಬಣ್ಣ, ಪಟ್ಟಿ, ಅಕ್ಷರ, ಲಾಂಛನಗಳ ಒಟ್ಟು ವಿನ್ಯಾಸಕ್ಕೆ ಈ ಹೆಸರು.

ಇಂಡೊನೇಷ್ಯಾದ ಮಲಿಯೋ ಎಂಬ ಸಂಸ್ಥೆ 2017ರಲ್ಲಿ ಬಿಡುಗಡೆ ಮಾಡಿದ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಎಂಬ ಮೊಬೈಲ್ ಆಟದಲ್ಲಿ, ಆಟಗಾರರು ತಾವೇ ಬರೆದ ಲಿವರಿಯನ್ನು ಬಸ್ಸಿಗೆ ಹೊದಿಸಲು, ಹಲವರು ಸಾಲಾಗಿ ಒಟ್ಟಿಗೆ ವಾಹನ ಓಡಿಸಲು ಅವಕಾಶವಿದೆ. ಈ ಆಟ ದಕ್ಷಿಣ ಭಾರತದಲ್ಲಿ ಬಹಳ ಹಬ್ಬಿದ್ದರಿಂದ, ಕರ್ನಾಟಕ ಸಾರಿಗೆ, ರಾಜಹಂಸ, ಐರಾವತ ಮೊದಲಾದ ಬಸ್ಸುಗಳ ಹೊರಮೈಯನ್ನು ಅನುಸರಿಸಿದ ಲಿವರಿಗಳನ್ನು ಹವ್ಯಾಸಿಗಳು ರಚಿಸಿ ಹಂಚಿಕೊಳ್ಳುವ ದೊಡ್ಡ ರೂಢಿಯೇ ಬೆಳೆದಿದೆ. ಚಾಲಕನ ಪಾತ್ರ ಹೊತ್ತು, ನಿಲ್ದಾಣ ನಿಲ್ದಾಣದಲ್ಲಿ ನಿಲ್ಲಿಸಿ, ಜೊತೆಯವರೊಂದಿಗೆ ಸಾಲು ತಪ್ಪದೆ ಸಾಗುವ ಈ ಆಟ ಪಾತ್ರಾಭಿನಯದ ಸರಳ ರೂಪ. ಬೆಲೆಬಾಳುವ ಗಣಕಯಂತ್ರವಿಲ್ಲದ ತಾಲ್ಲೂಕು ಪಟ್ಟಣದ ವಿದ್ಯಾರ್ಥಿಗೂ ಇದು ಮೊಬೈಲಿನಲ್ಲೇ ಎಟುಕುತ್ತದೆ. ಹಾಸನದ ಮಟ್ಟಿಗೆ ಇದಕ್ಕೊಂದು ಹೆಚ್ಚಿನ ಅರ್ಥವೂ ಇದೆ. ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಾದೇಶಿಕ ಕಾರ್ಯಾಗಾರಗಳಲ್ಲೊಂದು ಹಾಸನದಲ್ಲಿದ್ದು, ಅಲ್ಲಿ ನಿಜವಾದ ಬಸ್ಸುಗಳಿಗೆ ಹೊರಕವಚ ಕಟ್ಟುವ, ಹಳೆಯವನ್ನು ಹೊಸದರಂತೆ ಮಾಡುವ ಕೆಲಸ ನಡೆಯುತ್ತದೆ. ತಗಡಿನ ಮೇಲೆ ಅಲ್ಲಿನ ಕುಶಲಕರ್ಮಿಗಳು ಮಾಡುವುದನ್ನೇ ಲಿವರಿ ಬರೆಯುವವರು ತೆರೆಯ ಮೇಲೆ ಮಾಡುತ್ತಾರೆ.

ಲಿವರಿಯ ರಚನಾಕ್ರಮ ದರ್ಜಿಯ ಕೆಲಸವನ್ನು ಹೋಲುತ್ತದೆ. ಅಂಗಿಯನ್ನು ಬಿಚ್ಚಿ ಹರಡಿದರೆ ತೋಳು, ಕೊರಳು, ಬೆನ್ನು ಬೇರೆಬೇರೆ ಬಟ್ಟೆಯ ತುಂಡುಗಳಾಗಿ ಕಾಣುವಂತೆ, ಆಟದ ಬಸ್ಸಿನ ಮೂರು ಆಯಾಮದ ಮೈಯನ್ನು ಬಿಡಿಸಿ ಚಪ್ಪಟೆಯಾಗಿ ಹರಡಿದ ಒಂದು ಚಿತ್ರಹಾಳೆ ಇರುತ್ತದೆ. ಇದನ್ನು ‘ಟೆಕ್ಸ್ಚರ್’ ಎನ್ನುತ್ತಾರೆ. ಅದರ ಒಂದು ಭಾಗ ಎಡಬದಿ, ಇನ್ನೊಂದು ಬಲಬದಿ, ಮತ್ತೊಂದು ಮುಂಭಾಗ, ಉಳಿದದ್ದು ಚಾವಣಿ ಮತ್ತು ಹಿಂಭಾಗ. ಹಾಳೆಯ ಮೇಲೆ ಎಳೆದ ಪಟ್ಟಿ ಬದಿಯಿಂದ ಮುಂಭಾಗಕ್ಕೆ ತಿರುಗುವಲ್ಲಿ ಒಂದು ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಬಸ್ಸಿನ ಮೂಲೆಯಲ್ಲಿ ಗೆರೆ ಮುರಿದಂತೆ ಕಾಣುತ್ತದೆ. ಎರಡೂ ಬದಿಗೆ ಒಂದೇ ತುಂಡನ್ನು ಮಗುಚಿ ಬಳಸುವ ಮಾದರಿಗಳಲ್ಲಂತೂ ಒಂದು ಬದಿಯ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿಬಿಡುತ್ತವೆ. ಹೀಗೆ ತಿದ್ದುತ್ತ ತಿದ್ದುತ್ತ ಅಳತೆ, ಬಣ್ಣದ ಹೊಂದಾಣಿಕೆ, ದೂರದಿಂದ ಓದಿಸಿಕೊಳ್ಳುವ ಅಕ್ಷರದ ಗಾತ್ರ ಎಂಬ ವಿನ್ಯಾಸದ ಮೂಲಪಾಠಗಳು ಯಾವ ತರಗತಿಯೂ ಇಲ್ಲದೆ ಕೈಗೆ ಹತ್ತುತ್ತವೆ.

ಈ ಸ್ವಾತಂತ್ರ್ಯಕ್ಕೆ ಮಿತಿಯೂ ಉಂಟು. ರಾಕ್‌ಸ್ಟಾರ್ ಕಂಪನಿ 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ, ಅದರ ಆಟದ ಮೇಲೆ ಕಟ್ಟಿದ ರೋಲ್‌ಪ್ಲೇ ಸರ್ವರ್‌ಗಳಲ್ಲಿ ನಿಜಲೋಕದ ಬ್ರ್ಯಾಂಡುಗಳನ್ನೂ ಬೇರೆಯವರ ಹಕ್ಕಿನ ಕೃತಿಗಳನ್ನೂ ತರುವಂತಿಲ್ಲ. ಹಾಗಾಗಿ ಅಲ್ಲಿ ಹಾಸನದ ಬಸ್‌ನಿಲ್ದಾಣದಂಥ ನಿಲ್ದಾಣ ಬೇಕೆನಿಸಿದರೂ ವಿನ್ಯಾಸಕಾರ ನಿಗಮದ ಲಾಂಛನವನ್ನು ಎತ್ತಿಕೊಳ್ಳದೆ, ಅದೇ ಮಣ್ಣಿನ ವಾಸನೆಯಿರುವ ಹೊಸ ಸಾರಿಗೆ ಸಂಸ್ಥೆಯೊಂದನ್ನು, ಅದರ ಹೆಸರು, ಬಣ್ಣ, ಗುರುತು ಸಮೇತ ಕಲ್ಪಿಸಿಕೊಳ್ಳಬೇಕಾಗುತ್ತದೆ. ಹಾಗೆ ಕಲ್ಪಿಸಿಕೊಳ್ಳಬೇಕಾದವನು ಅನುಕರಣೆಯಿಂದ ಸ್ವಂತ ರಚನೆಗೆ ದಾಟುತ್ತಾನೆ.

ಏಳು ಅಕ್ಷರದ ಪರೀಕ್ಷೆ

ಕನ್ನಡದ ವಿನ್ಯಾಸಕಾರನಿಗೆ ಇಂಗ್ಲಿಷಿನವರಿಗಿಲ್ಲದ ಒಂದು ತೊಡಕು ಎದುರಾಗುತ್ತದೆ. ಗ್ರ್ಯಾಂಡ್ ಥೆಫ್ಟ್ ಆಟೊ 5 ಅಧಿಕೃತವಾಗಿ ಬೆಂಬಲಿಸುವ ಭಾಷೆಗಳಲ್ಲಿ ಕನ್ನಡವಾಗಲಿ ಬೇರಾವ ಭಾರತೀಯ ಭಾಷೆಯಾಗಲಿ ಇಲ್ಲ. ಆದ್ದರಿಂದ ಆ ಕಲ್ಪಿತ ಊರಿನಲ್ಲಿ ಕನ್ನಡದ ಫಲಕ ಕಾಣಬೇಕಾದರೆ ಅಕ್ಷರವನ್ನು ಚಿತ್ರವಾಗಿ ಬರೆದು ಅಂಟಿಸಬೇಕು. ಹಾಗೆ ಚಿತ್ರ ಬರೆಯುವ ತಂತ್ರಾಂಶವೂ ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆಂಬ ಭರವಸೆಯಿಲ್ಲ.

ಇದನ್ನು ಅರಿಯಲು ನಾಲ್ಕು ಊರುಗಳ ಹೆಸರನ್ನು ಬಸ್ಸಿನ ಮುಂಭಾಗದ ಫಲಕಕ್ಕೆ ಬರೆದು ನೋಡಬಹುದು. ಹಾಸನ, ಅರಕಲಗೂಡು, ಹೊಳೆನರಸೀಪುರ ಎಂಬ ಮೂರು ಹೆಸರುಗಳಲ್ಲಿ ಒತ್ತಕ್ಷರವಿಲ್ಲ. ಚನ್ನರಾಯಪಟ್ಟಣದಲ್ಲಿ ಮಾತ್ರ ‘ನ್ನ’ ಮತ್ತು ‘ಟ್ಟ’ ಎಂದು ಎರಡಿವೆ. ಓದುವವರ ಕಣ್ಣಿಗೆ ಅದು ಏಳು ಅಕ್ಷರದ ಪದ. ಲೋಕದ ಲಿಪಿಗಳಿಗೆಲ್ಲ ಸಂಕೇತ ನಿಗದಿಪಡಿಸುವ ಯೂನಿಕೋಡ್ ವ್ಯವಸ್ಥೆಯಲ್ಲಿ, ಕನ್ನಡ ಅದರ 1991ರ ಮೊದಲ ಆವೃತ್ತಿಯಿಂದಲೇ ಇದ್ದು, ಈ ಪದ 12 ಸಂಕೇತಗಳ ಸರಣಿ. ಅದರಲ್ಲಿ ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ (್) ಎರಡು, ದೀರ್ಘದ ಚಿಹ್ನೆ ಒಂದು. ಈ 12ನ್ನು ಮತ್ತೆ ಏಳಾಗಿ ಕಟ್ಟುವ ಹೊಣೆ ತಂತ್ರಾಂಶದ್ದು. ಅದು ಆ ಹೊಣೆಯನ್ನು ನಿರ್ವಹಿಸದಿದ್ದರೆ ಒತ್ತುಗಳು ಕೆಳಗಿಳಿಯದೆ ಪಕ್ಕಕ್ಕೆ ಚೆಲ್ಲಿ, ‘ನ್’ ಮತ್ತು ‘ನ’, ‘ಟ್’ ಮತ್ತು ‘ಟ’ ಬೇರೆಬೇರೆಯಾಗಿ ನಿಲ್ಲುತ್ತವೆ. ಗುಣಿತದ ಚಿಹ್ನೆಗಳೂ ಜಾಗ ತಪ್ಪಬಹುದು. ಫೋಟೊಶಾಪ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳನ್ನು ಕೂಡಿಸುವ ಆಯ್ಕೆಯನ್ನು, ಹಳೆಯ ಆವೃತ್ತಿಗಳಾದರೆ, ಮೊದಲು ಆರಿಸಿಕೊಳ್ಳಬೇಕಾಗುತ್ತದೆ. ಫೈವ್‌ಎಂನಲ್ಲಿ ತೆರೆಯ ಮೇಲೆ ಮೂಡುವ ಸಂದೇಶ, ಪಟ್ಟಿ, ಪಾತ್ರಗಳ ಮೊಬೈಲ್ ಮೊದಲಾದವು ಅಂತರಜಾಲ ಪುಟಗಳನ್ನು ತೋರಿಸುವ ಕ್ರೋಮಿಯಂ ತಂತ್ರಜ್ಞಾನದ ಮೇಲೆ ನಿಂತಿರುವುದರಿಂದ, ಆ ಭಾಗದಲ್ಲಿ ಕನ್ನಡ ಚಿತ್ರದ ಹಂಗಿಲ್ಲದೆ ಸರಾಗವಾಗಿ ಮೂಡುತ್ತದೆ. ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ ಮುಂತಾದ ಉಚಿತ ಅಕ್ಷರಶೈಲಿಗಳು ದೊರೆಯುತ್ತಿರುವ ಈ ಹೊತ್ತಿನಲ್ಲಿ, ಕನ್ನಡದ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ಅಭ್ಯಾಸಕ್ಕೆ ತಂತ್ರಜ್ಞಾನದ ನೆಪ ಉಳಿದಿಲ್ಲ. ಚನ್ನರಾಯಪಟ್ಟಣ ಎಂಬ ಒಂದು ಪದವನ್ನು ಒತ್ತು ಮುರಿಯದೆ ಬರೆಯಬಲ್ಲ ಫಲಕ ಮಿಕ್ಕ ಮೂರು ಊರಿಗೂ ಸಾಮಾನ್ಯವಾಗಿ ಸಲ್ಲುತ್ತದೆ.

ಕಲ್ಪಿತ ಊರಿನ ವರದಿಗಾರಿಕೆ

ಆಟದ ಊರಿಗೆ ಪತ್ರಿಕೆ ಬೇಕೆನ್ನುವ ಆಸೆ ಆ ಊರುಗಳಷ್ಟೇ ಹಳೆಯದು. ಲ್ಯೂಕಾಸ್‌ಫಿಲ್ಮ್ ಸಂಸ್ಥೆ ರೂಪಿಸಿದ, 1986ರಲ್ಲಿ ಪ್ರಯೋಗ ಆರಂಭವಾದ ‘ಹ್ಯಾಬಿಟ್ಯಾಟ್’ ಎಂಬ ಆಟ ಚಿತ್ರರೂಪದ ಮೊದಲ ಸಾಮೂಹಿಕ ಆಟಗಳಲ್ಲೊಂದು. ಅದರಲ್ಲಿ ಆಟಗಾರನೊಬ್ಬ ‘ದಿ ವೀಕ್ಲಿ ರ‍್ಯಾಂಟ್’ ಎಂಬ ವಾರಪತ್ರಿಕೆ ನಡೆಸುತ್ತಿದ್ದ. ಸುದ್ದಿ, ಗಾಳಿಮಾತು, ಕಲ್ಪಿತ ಬರಹಗಳೆಲ್ಲ ಸೇರಿ ಅದು 50 ಪುಟಗಳವರೆಗೂ ಬೆಳೆಯುತ್ತಿತ್ತು, ಅದಕ್ಕಾಗಿ ಆತ ವಾರಕ್ಕೆ 20ರಿಂದ 40 ಗಂಟೆ ವ್ಯಯಿಸುತ್ತಿದ್ದ ಎಂದು ಆಟದ ನಿರ್ಮಾಪಕರಾದ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ದಾಖಲಿಸಿದ್ದಾರೆ.

ಹೀಗೆ ಹುಟ್ಟಿದ ಪತ್ರಿಕೋದ್ಯಮ ಬರಿಯ ವಿನೋದವಾಗಿ ಉಳಿಯಲಿಲ್ಲ. ಅಮೆರಿಕದ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಪೀಟರ್ ಲಡ್ಲೋ 2003ರಲ್ಲಿ ‘ದಿ ಸಿಮ್ಸ್ ಆನ್‌ಲೈನ್’ ಎಂಬ ಆಟದ ಆಲ್ಫಾವಿಲ್ ಎಂಬ ಕಲ್ಪಿತ ಊರಿಗಾಗಿ ‘ದಿ ಆಲ್ಫಾವಿಲ್ ಹೆರಾಲ್ಡ್’ ಆರಂಭಿಸಿ, ಅಲ್ಲಿನ ವಂಚನೆ, ಅನಾಚಾರಗಳನ್ನು ವರದಿ ಮಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಟದ ಕಂಪನಿ ಅವರ ಖಾತೆಯನ್ನು ರದ್ದುಪಡಿಸಿತು. ನಿಯಮ ಉಲ್ಲಂಘನೆ ಕಾರಣವೆಂದು ಕಂಪನಿ ಹೇಳಿದರೆ, ವರದಿಗಳೇ ಕಾರಣವೆಂದು ಲಡ್ಲೋ ವಾದಿಸಿದರು. ಊರಿನ ಒಡೆತನವೆಲ್ಲ ಒಂದೇ ಕಂಪನಿಯದಾದಾಗ ಅಲ್ಲಿನ ಪತ್ರಿಕಾ ಸ್ವಾತಂತ್ರ್ಯವನ್ನು ಕಾಯುವವರು ಯಾರು ಎಂಬ ಪ್ರಶ್ನೆಯನ್ನು ಈ ಪ್ರಕರಣ ಎತ್ತಿತು. ಸುದ್ದಿಸಂಸ್ಥೆ ರಾಯಿಟರ್ಸ್ ಕೂಡ 2006ರ ಅಕ್ಟೋಬರ್‌ನಲ್ಲಿ ‘ಸೆಕೆಂಡ್ ಲೈಫ್’ ಎಂಬ ಕಲ್ಪಿತ ಲೋಕದೊಳಗೆ ತನ್ನದೊಂದು ಕಚೇರಿ ತೆರೆದು, ಆಡಂ ಪಾಸಿಕ್ ಎಂಬ ವರದಿಗಾರರನ್ನು ಅಲ್ಲಿಗೆ ನೇಮಿಸಿತ್ತು.

ಗ್ರ್ಯಾಂಡ್ ಥೆಫ್ಟ್ ಆಟೊದ ಕಥೆಯೊಳಗೆ ‘ವೀಜಲ್ ನ್ಯೂಸ್’ ಎಂಬ ಕಲ್ಪಿತ ಸುದ್ದಿವಾಹಿನಿಯೊಂದಿದೆ. ರೋಲ್‌ಪ್ಲೇ ಸರ್ವರ್‌ಗಳಲ್ಲಿ ಆಟಗಾರರು ಅದನ್ನು ತಮ್ಮ ಪಾತ್ರಗಳ ಉದ್ಯೋಗವನ್ನಾಗಿ ಮಾಡಿಕೊಂಡಿದ್ದಾರೆ. ವರದಿಗಾರನ ಪಾತ್ರದವನು ಮೈಕ್ ಹಿಡಿದು, ಕ್ಯಾಮೆರಾದವನು ಹಿಂದೆ ನಿಂತು, ಸಂದರ್ಶನ ನಡೆಸುತ್ತಾರೆ. ಆಟದ ಹೊರಗೆ ಆ ಸಮುದಾಯದವರೆಲ್ಲ ಸೇರುವ ಡಿಸ್ಕಾರ್ಡ್ ಎಂಬ ಮಾತುಕತೆಯ ವೇದಿಕೆಯಲ್ಲಿ ಪತ್ರಿಕೆಯ ಪುಟ ಚಿತ್ರರೂಪದಲ್ಲಿ ಪ್ರಕಟವಾಗುತ್ತದೆ. ಹಾಸನದ ‘ಜನತಾ ಮಾಧ್ಯಮ’ದಂಥ ಜಿಲ್ಲಾ ದಿನಪತ್ರಿಕೆಗಳು ಓದುಗನ ಊರಿನ ಸುದ್ದಿಯನ್ನು ಓದುಗನಿಗೇ ಒಪ್ಪಿಸುವಂತೆ, ಈ ಪತ್ರಿಕೆಯ ಓದುಗರೂ ಅದರ ಸುದ್ದಿಯಲ್ಲಿರುವವರೂ ಒಬ್ಬರೇ, ಹಾಗಾಗಿ ತಪ್ಪು ಬರೆದರೆ ಕೇಳುವವರು ಎದುರಿಗೇ ಇರುತ್ತಾರೆ.

ಇಲ್ಲಿನ ಕಠಿಣ ನಿಯಮವೊಂದನ್ನು ಉದಾಹರಣೆಯಿಂದ ತಿಳಿಯಬಹುದು. ಕಲ್ಪಿತ ಊರಿನ ಬ್ಯಾಂಕಿನಲ್ಲಿ ದರೋಡೆ ನಡೆಯಿತೆನ್ನೋಣ. ದರೋಡೆಕೋರನ ಪಾತ್ರ ಮಾಡಿದವನು ತನ್ನ ಆಟವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದ್ದು, ವರದಿಗಾರನ ಪಾತ್ರ ಮಾಡುವವನು ಅದನ್ನು ಮನೆಯಲ್ಲಿ ಕುಳಿತು ನೋಡಿರುತ್ತಾನೆ. ಆದರೂ ಅವನು ದರೋಡೆಕೋರನ ಹೆಸರನ್ನು ಬರೆಯುವಂತಿಲ್ಲ, ಏಕೆಂದರೆ ಅವನ ಪಾತ್ರ ಅದನ್ನು ಕಂಡಿಲ್ಲ. ಹೊರಗೆ ತಿಳಿದದ್ದನ್ನು ಪಾತ್ರದೊಳಗೆ ಬಳಸುವ ಈ ತಪ್ಪಿಗೆ ‘ಮೆಟಾಗೇಮಿಂಗ್’ ಎನ್ನುತ್ತಾರೆ. ಅವನು ಆಟದೊಳಗೇ ಸ್ಥಳಕ್ಕೆ ಹೋಗಬೇಕು, ಬ್ಯಾಂಕಿನ ಕಾವಲುಗಾರನನ್ನು ಮಾತಾಡಿಸಬೇಕು, ಪೊಲೀಸ್ ಅಧಿಕಾರಿಯ ಹೇಳಿಕೆ ಪಡೆಯಬೇಕು, ಆರೋಪಿಯೆನಿಸಿಕೊಂಡವನಿಗೂ ಉತ್ತರಿಸಲು ಅವಕಾಶ ಕೊಡಬೇಕು. ಆಮೇಲೆ ಇಷ್ಟು ತಿಳಿಯಿತು, ಇಂಥವರು ಹೇಳಿದರು ಎಂದು ಬರೆಯಬೇಕು. ತನಗೆ ಗೊತ್ತಿರುವುದಕ್ಕೂ ತಾನು ಸಾಬೀತುಪಡಿಸಬಲ್ಲುದಕ್ಕೂ ಇರುವ ಅಂತರವನ್ನು ಇಷ್ಟು ನೇರವಾಗಿ ಕಲಿಸುವ ಅಭ್ಯಾಸ ಅಪರೂಪ. ಒಂದು ಕಾಲಕ್ಕೆ ಶಾಲಾ ಕಾಲೇಜುಗಳ ಕೈಬರಹದ ಪತ್ರಿಕೆಗಳು ಎಳೆಯರಿಗೆ ಬರವಣಿಗೆಯ ಗರಡಿಮನೆಯಾಗಿದ್ದಂತೆ, ಇವು ವರದಿಗಾರಿಕೆಯ ಗರಡಿಮನೆ.

ಗೆರೆ ದಾಟುವ ಸುದ್ದಿ

ಕಲ್ಪಿತ ಸುದ್ದಿ ತನ್ನ ಊರಿನ ಗಡಿ ದಾಟಿದರೆ ಅಪಾಯವೂ ಉಂಟು. ಜೆಕ್ ದೇಶದ ಬೊಹೀಮಿಯಾ ಇಂಟರ‍್ಯಾಕ್ಟಿವ್ ಸಂಸ್ಥೆಯ ‘ಆರ್ಮಾ 3’ ಎಂಬ ಯುದ್ಧದ ಆಟದ ದೃಶ್ಯಗಳು ಉಕ್ರೇನ್ ಯುದ್ಧದ ನಿಜ ದೃಶ್ಯಗಳೆಂಬಂತೆ ಹರಡಿದ್ದರಿಂದ, 2022ರ ನವೆಂಬರ್‌ನಲ್ಲಿ ಆ ಸಂಸ್ಥೆಯೇ ಮುಂದೆ ಬಂದು, ಇಂಥ ದೃಶ್ಯಗಳನ್ನು ಗುರುತಿಸುವುದು ಹೇಗೆಂದು ಸಾರ್ವಜನಿಕರಿಗೆ ತಿಳಿಸಬೇಕಾಯಿತು. ಕನ್ನಡದಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ ಆಟದ ಪತ್ರಿಕೆಯ ಒಂದು ಪುಟ ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿದರೆ, ಅರ್ಧ ದಾರಿಯಲ್ಲಿ ಅದು ನಿಜವೆನಿಸಿಕೊಳ್ಳಬಹುದು. ಆದ್ದರಿಂದ ಪ್ರತಿ ಪುಟದ ಮೇಲೂ, ಕತ್ತರಿಸಿ ತೆಗೆಯಲಾಗದ ಜಾಗದಲ್ಲಿ, ಇದು ಆಟದ ಊರಿನ ಸುದ್ದಿ ಎಂದು ಸ್ಪಷ್ಟವಾಗಿ ಬರೆಯುವುದು, ನಿಜವಾದ ವ್ಯಕ್ತಿ, ಇಲಾಖೆ, ಪತ್ರಿಕೆಗಳ ಹೆಸರನ್ನು ಬಳಸದಿರುವುದು ಅಗತ್ಯ.

ಹಣದ ವಿಷಯದಲ್ಲೂ ಎಚ್ಚರ ಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ, ಹಣ ಪಣವಿಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿದೆ. ಆಟದ ನಾಣ್ಯವನ್ನು ನಿಜವಾದ ಹಣದ ಪಣಕ್ಕೆ ಎಳೆಯುವ ಯಾವ ಏರ್ಪಾಡಿನಿಂದಲೂ ಸಮುದಾಯಗಳು ದೂರವಿರಬೇಕು. ಕಲಿತ ಕಸುಬಿಗೆ ನೇರವಾದ ದಾರಿಗಳೂ ಇವೆ. ಆ್ಯನಿಮೇಷನ್, ದೃಶ್ಯಪರಿಣಾಮ, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಗಳಿಗೆ ದೇಶದಲ್ಲೇ ಮೊದಲು, 2012ರಲ್ಲಿ, ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ಕರ್ನಾಟಕ. 2024ರಿಂದ 2029ರ ಅವಧಿಗೆ ಅದರ ಮುಂದುವರಿಕೆಯೂ ಬಂದಿದೆ. ಈ ನೀತಿಗಳ ಫಲ ಬೆಂಗಳೂರಿನಾಚೆ ತಾಲ್ಲೂಕು ಪಟ್ಟಣಗಳನ್ನು ಮುಟ್ಟಬೇಕಾದರೆ, ಅಲ್ಲಿನ ಹುಡುಗ ಹುಡುಗಿಯರು ಈಗಾಗಲೇ ಮಾಡಿರುವ ಕೆಲಸವನ್ನು ಶಿಕ್ಷಕರೂ ಉದ್ಯೋಗ ಕೊಡುವವರೂ ಬಿಚ್ಚಿ ನೋಡಬೇಕು.

ಹೆಸರಿನ ಹಕ್ಕು

ಹಾಗೆ ನೋಡಲು ಆ ಕೆಲಸದ ಮೇಲೆ ಮಾಡಿದವರ ಹೆಸರಿರಬೇಕು. ಈ ಸಮುದಾಯಗಳ ದೊಡ್ಡ ಕೊರತೆ ಇರುವುದು ಇಲ್ಲೇ. ರಾತ್ರಿಗಳನ್ನು ಸವೆಸಿ ಬರೆದ ಲಿವರಿಯನ್ನು ಬೇರೊಬ್ಬರು ಗುರುತು ಅಳಿಸಿ ತಮ್ಮದೆಂದು ಹಂಚುವುದು, ಪುಟ ಕಟ್ಟಿದವರ ಹೆಸರನ್ನು ಎಲ್ಲೂ ಹೇಳದಿರುವುದು ವಾಡಿಕೆಯಂತಾಗಿದೆ. ಕೃತಿಯನ್ನು ತನ್ನದೆಂದು ಹೇಳಿಕೊಳ್ಳುವ ಕರ್ತೃವಿನ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಮಾನ್ಯಮಾಡುತ್ತದೆ. ಆ ಹಕ್ಕು ಅಚ್ಚಾದ ಪುಸ್ತಕಕ್ಕೆ ಸೀಮಿತವಲ್ಲ.

ಕಾಯ್ದೆಗಿಂತ ಹಳೆಯ ಸಾಕ್ಷಿ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿದೆ. ಹೊಯ್ಸಳರ ಕಾಲದ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಕಟ್ಟಿಸಿದ ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ಶಿಲ್ಪಗಳ ಬುಡದಲ್ಲಿ, ಅವುಗಳನ್ನು ಕಡೆದ ಬೈಚೋಜ ಮತ್ತು ಮಲ್ಲಿತಮ್ಮ ಎಂಬ ರೂವಾರಿಗಳ ಹೆಸರುಗಳು ಕೊರೆಯಲ್ಪಟ್ಟಿವೆ. ಗುಡಿ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿದರೆ, ಕಡೆದವರ ಹೆಸರು ಅವರವರ ಕೆಲಸದ ಕೆಳಗೇ ಉಳಿದಿದೆ. ಆ ಎರಡು ಹೆಸರುಗಳಿಂದಲೇ ಇಬ್ಬರ ಕೈಗಳನ್ನು ಬೇರೆಬೇರೆಯಾಗಿ ಗುರುತಿಸಲು ಇಂದಿನ ವಿದ್ವಾಂಸರಿಗೆ ಸಾಧ್ಯವಾಗಿದೆ.

ಕಲ್ಪಿತ ಊರಿನ ಕಲಾವಿದರಿಗೂ ವರದಿಗಾರರಿಗೂ ಇದೇ ಕ್ರಮ ಸಲ್ಲುತ್ತದೆ. ಪತ್ರಿಕೆಯ ಪ್ರತಿ ವರದಿಯ ಕೆಳಗೆ, ಪ್ರತಿ ಫಲಕದ, ಪ್ರತಿ ಲಿವರಿಯ ಕಡತದೊಳಗೆ, ಪೌರಾಣಿಕ ನಾಟಕದ ಕರಪತ್ರದಲ್ಲಿರುವಂತೆ ಎರಡು ಹೆಸರುಗಳು ಇರಲಿ: ಒಂದು ಪಾತ್ರದ ಹೆಸರು, ಅದರ ಎದುರಿಗೆ ಕೆಲಸ ಮಾಡಿದವರು ತಾವಾಗಿ ಒಪ್ಪಿ ಕೊಟ್ಟ ಹೆಸರು. ಕಿರಿಯರಾಗಿದ್ದರೆ, ಇಲ್ಲವೇ ಗುರುತು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ, ಅದು ಅಂಕಿತನಾಮವಾದರೂ ಸಾಕು. ಮೊದಲ ಹೆಸರಿನಿಂದ ಓದುಗನಿಗೆ ಇದು ಆಟವೆಂದು ತಿಳಿಯುತ್ತದೆ. ಎರಡನೆಯದರಿಂದ ಇದರ ಹಿಂದೆ ಹೊಳೆನರಸೀಪುರದ್ದೋ ಅರಕಲಗೂಡಿನದೋ ಒಂದು ಕೈ ದುಡಿದಿದೆಯೆಂದು ತಿಳಿಯುತ್ತದೆ.